ಕೂದಲೆಳೆಯಷ್ಟು ಸಂದು

ಹೊಳೆ ದಂಡೆಯ ತಗಡಿನ ಶೆಡ್ಡಿನಲ್ಲಿ ಮೌಲಾಸಾಬ್ ಉಸ್ತಾದರು ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡುಗಳನ್ನು ಸಾಣೆ ಹಿಡಿದು ಮಟ್ಟ ಮಾಡುತ್ತಿದ್ದರು. ನೀಲವ್ವ ಅವರ ಬಳಿ ಏಳು ವರ್ಷದಿಂದ ಕಲಿಯುತ್ತಿದ್ದಳು. ಉಸ್ತಾದರ ಕಣ್ಣಿಗೆ ಪೊರೆ ಬಂದ ಮೇಲೆ ಅಳತೆಯೆಲ್ಲ ಅವಳದೇ.

ಒಂದು ದಿನ ಅಂಬಿಗರ ದುರ್ಗಪ್ಪ ತನ್ನ ದೋಣಿಯ ಎಂಜಿನ್ನಿನ ಹೆಡ್ಡು ಹೊತ್ತು ತಂದ.

"ನಡುಹೊಳ್ಯಾಗ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಹಾಳಿ ಹಾರಿ ಎಂಜಿನ್ ನಿಂತಿತ್ರಿ. ಮೂವತ್ತು ಮಂದಿ ಕುಂತಿದ್ರು. ಸೆಳವಿನಾಗ ಎರಡು ಮೈಲಿ ತೇಲಿ ಹೋದ್ವಿ."

ಉಸ್ತಾದರು ಹೇಳಿದರು: "ಕಾವಿಗೆ ಹೆಡ್ಡು ಡೊಂಕಾಗೇತಿ. ಡೊಂಕಿನ ಕೆಳಗ ಎಂಥಾ ಗ್ಯಾಸ್ಕೆಟ್ ಇಟ್ರೂ ಬಿಗಿ ಕೂಡಂಗಿಲ್ಲ. ನೀಲವ್ವಾ, ಮಟ್ಟ ಮಾಡು."

ಅವಳು ಎರಡು ದಿನ ಸಾಣೆ ಹಿಡಿದಳು. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅದರಡಿ ಕೂದಲಿನಷ್ಟು ತೆಳುವಾದ, ಅಳತೆಯ ತಗಡಿನ ಎಲೆ ತೂರಿಸಿ ನೋಡಿದಳು. ಮೂರು ಮೂಲೆಯಲ್ಲಿ ಎಲೆ ಹೋಗಲಿಲ್ಲ. ನಾಲ್ಕನೆಯದರಲ್ಲಿ ಸಲೀಸಾಗಿ ಜಾರಿತು; ಅಲ್ಲಿನ್ನೂ ಸಂದಿತ್ತು.

ಇನ್ನೊಂದು ಸುತ್ತು ಉಜ್ಜಿದರೆ ಹೆಡ್ಡು ಮಿತಿಗಿಂತ ತೆಳುವಾಗಿ ಗುಜರಿಗೇ ಹೋಗುತ್ತಿತ್ತು. ಹೊಸದು ಬರಲು ಎಂಟು ದಿನ. ಎರಡು ದಿನದ ದುಡಿಮೆ ನೀರುಪಾಲು.

"ಮಟ್ಟ ಆತೇನವ್ವಾ?" ಉಸ್ತಾದರು ಕೇಳಿದರು.

"ಆತ್ರಿ."

ಅವರು ಹೆಡ್ಡಿನ ಮೇಲೆ ಅಂಗೈ ಆಡಿಸಿದರು. ನಾಲ್ಕನೆಯ ಮೂಲೆಯಲ್ಲಿ ಬೆರಳು ಒಂದು ಗಳಿಗೆ ನಿಂತಂತಾಯಿತು. ನೀಲವ್ವ ಅದನ್ನು ನೋಡಿದಳು.

"ಹಂಗಾರ ಕೂಡಿಸು," ಎಂದರು.

ಅವಳು ಆ ಮೂಲೆಗೆ ತುಸು ಹೆಚ್ಚಿಗೆ ಅಂಟು ಬಳಿದು, ಬೋಲ್ಟು ಬಿಗಿದಳು. ಸಂಜೆ ಅರ್ಧ ತಾಸು ಓಡಿಸಿದರು. ಎಂಜಿನ್ನು ಚೆನ್ನಾಗಿಯೇ ಓಡಿತು.

ಮರುದಿನ ಬೆಳಿಗ್ಗೆ ದೋಣಿ ತುಂಬಿತು. ಜನರ ನಡುವೆ ಉಸ್ತಾದರು ಬರುತ್ತಿದ್ದರು. ತುಂಬು ಬಸುರಿ ಮಗಳು ಬೀಬಿಜಾನಳ ಕೈ ಹಿಡಿದಿದ್ದರು.

"ಆಚೀ ದಂಡಿ ದವಾಖಾನಿಗೆ," ಎನ್ನುತ್ತ ಮಗಳನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು.

ನೀಲವ್ವ ದಂಡೆಯ ಮೇಲಿಂದ ನೋಡುತ್ತಿದ್ದಳು. ಎಂಜಿನ್ನು ಗುಡುಗಿತು. ದುರ್ಗಪ್ಪ ಹಗ್ಗ ಬಿಚ್ಚಿದ.

"ನಿಂದರಸ್ರೀ!"

ಅವಳು ಸೊಂಟಮಟ್ಟದ ನೀರಿಗಿಳಿದು ದೋಣಿಯ ಅಂಚು ಹಿಡಿದಳು. ದುರ್ಗಪ್ಪ ಗಾಬರಿಯಾಗಿ ಎಂಜಿನ್ನು ಆರಿಸಿದ. ಜನ ಬೈಯುತ್ತ ಇಳಿದರು.

ಎಲ್ಲರೆದುರು ಅವಳೇ ಬೋಲ್ಟು ಬಿಚ್ಚಿ ಹೆಡ್ಡು ಎತ್ತಿದಳು. ನಾಲ್ಕನೆಯ ಮೂಲೆಯಲ್ಲಿ ಹೊಸ ಗ್ಯಾಸ್ಕೆಟ್ಟು ಆಗಲೇ ಸುಟ್ಟು ಕಪ್ಪಾಗಿತ್ತು. ಅರ್ಧ ತಾಸಿಗೇ ಅಷ್ಟು. ದುರ್ಗಪ್ಪ ಅದನ್ನು ನೋಡಿ, ಹೊಳೆ ನೋಡಿ, ತಲೆ ಮೇಲೆ ಕೈ ಹೊತ್ತು ಕುಸಿದ.

ಜನ ಚದುರಿದ ಮೇಲೆ ನೀಲವ್ವ ಉಸ್ತಾದರ ಮುಂದೆ ಕೂತಳು. ಸೀರೆಯಿಂದ ನೀರು ಸೋರುತ್ತಿತ್ತು.

"ಕೂದಲೆಳಿಯಷ್ಟು ಸಂದಿತ್ರಿ. ಮುಚ್ಚಿಟ್ಟೆ."

ಅವಳು ಸೆರಗು ಹಿಂಡಿ ಮುಂದುವರಿಸಿದಳು.

"ನಿಮಗ ಗೊತ್ತಿತ್ತು. ನಿಮ್ಮ ಬೆರಳು ಅಲ್ಲೇ ನಿಂತಿತ್ತು. ನನ್ನ ಪರೀಕ್ಷಾ ಮಾಡಾಕ ಮಗಳನ್ನ ಕರಕೊಂಡು ಕುಂತ್ರಿ. ಹೌದಲ್ರೀ?"

ಪೊರೆ ಕವಿದ ಕಣ್ಣುಗಳು ಅವಳತ್ತ ತಿರುಗಿದವು. ಪಕ್ಕದಲ್ಲಿದ್ದ ಮಗಳ ಕೈಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ.

"ಇಲ್ಲವ್ವಾ. ನನಗೇನೂ ಗೊತ್ತಿರಲಿಲ್ಲ. ನೀ ಮಟ್ಟ ಆತು ಅಂದಿ, ಅದಕ್ಕ ಕುಂತೆ."