ಒಂಬತ್ತು ರೊಟ್ಟಿಯ ಕಟ್ಟು

ಈ ಕಥೆಯ ಅಜ್ಜಾರಿಗೆ ದೀಕ್ಷೆ ಕೊಟ್ಟವನೇ ನಾನು. ಸುಳ್ಳು ಬಿಡಿ. ಅವರ ಆಶ್ರಮದಲ್ಲಿ ಒಂದು ಸಲ ಉಂಡಿದ್ದೇನೆ, ಅಷ್ಟೇ. ಉಳಿದದ್ದೆಲ್ಲ ಅಲ್ಲಿ ಬಡಿಸಿದವರು ಹೇಳಿದ್ದು.

ಆಶ್ರಮ ಹೊಳೆಯ ದಂಡೆಯ ಮೇಲಿತ್ತು. ಮಲಪ್ರಭೆಯೋ ಘಟಪ್ರಭೆಯೋ, ನಿಮ್ಮೂರಿಗೆ ಯಾವುದು ಹತ್ತಿರವೋ ಅದನ್ನೇ ಇಟ್ಟುಕೊಳ್ಳಿ.

ಶಾಲೆಯಲ್ಲಿ ಅಕ್ಷರ, ಲೆಕ್ಕ ತಲೆಗೆ ಹತ್ತದೆ ಮನೆಯಲ್ಲೇ ಕುಳಿತ ಎಂಟು ಮಂದಿ ಹರೆಯದವರು ಅಲ್ಲಿಗೆ ಕೆಲಸ ಕಲಿಯಲು ಬರುತ್ತಿದ್ದರು. ಕಲಿಸುವವನು ಅಜ್ಜಾರ ಶಿಷ್ಯ ಸಂಗಯ್ಯ.

ಅವರಲ್ಲಿ ಕಲ್ಲವ್ವನಿಗೆ ಇಪ್ಪತ್ತು ವರ್ಷ. ಖಡಕ್ ರೊಟ್ಟಿಯನ್ನು ಹತ್ತತ್ತರಂತೆ ಕಟ್ಟುವುದು ಅವಳ ಕೆಲಸ. ಎಣಿಕೆ ನಾಲ್ಕು ದಾಟುತ್ತಿರಲಿಲ್ಲ. ಅದಕ್ಕೆ ಸಂಗಯ್ಯ ಹತ್ತು ಹುಣಸೆ ಬೀಜ ಕೊಟ್ಟಿದ್ದ. ಒಂದು ರೊಟ್ಟಿ ಇಟ್ಟರೆ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಈ ಬಟ್ಟಲು ಬರಿದಾದರೆ ದಾರ ಕಟ್ಟಬೇಕು.

ಉಪಾಯ ಚೆನ್ನಾಗಿತ್ತು. ಆದರೆ ಯಾರಾದರೂ ಮಾತಾಡಿಸಿದರೆ ಕಲ್ಲವ್ವ ಒಮ್ಮೆ ಬೀಜ ಮರೆಯುತ್ತಿದ್ದಳು, ಒಮ್ಮೆ ರೊಟ್ಟಿ. ಒಂದು ಕಟ್ಟಿನಲ್ಲಿ ಹನ್ನೊಂದು, ಇನ್ನೊಂದರಲ್ಲಿ ಒಂಬತ್ತು.

ಸಂಜೆ ಅವಳು ಮನೆಗೆ ಹೋದ ಮೇಲೆ ಸಂಗಯ್ಯ ಒಬ್ಬನೇ ಕುಳಿತು ತಪ್ಪಿದ ಕಟ್ಟುಗಳನ್ನು ಬಿಚ್ಚಿ ಸರಿಮಾಡುತ್ತಿದ್ದ. ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದಿನ ಪೇಟೆಯ ಖಾನಾವಳಿಯ ಗೌರಕ್ಕ ಹೇಳಿಕಳಿಸಿದಳು: "ಸೋಮವಾರ ಆ ರೊಟ್ಟಿ ಕಟ್ಟೂ ಹುಡುಗೀನ ಕಳಸ್ರಿ. ಒಂದಿನ ನೋಡ್ತೀನಿ. ಕೈ ಚಲೋ ಇದ್ರ ಕೆಲಸಕ್ಕ ಇಟ್ಕೋತೀನಿ."

ಸಂಗಯ್ಯ ಅಜ್ಜಾರ ಬಳಿ ಓಡಿದ. "ಅಜ್ಜಾರ, ನಾನೂ ಅಕಿ ಜೋಡಿ ಹೋಗ್ತೀನ್ರಿ."

"ನೀ ಯಾಕ?"

"ಸುಮ್ನ ಮೂಲ್ಯಾಗ ಕುಂತಿರ್ತೀನ್ರಿ. ಕಟ್ಟಿನ್ಯಾಗ ಹೆಚ್ಚುಕಡಿಮಿ ಆದ್ರ ಸರಿ ಮಾಡ್ತೀನಿ. ಇಲ್ಲೂ ದಿನಾ ನಾನ ಮಾಡ್ತೀನಲ್ರಿ."

"ಅಕಿಗಿ ಗೊತ್ತೈತೇನು?"

"ಛೇ, ಇಲ್ರಿ. ಪಾಪ, ನೊಂದ್ಕೋತಾಳ."

"ಸೋಮವಾರಕ್ಕ ಇನ್ನೂ ದಿನಾ ಅದಾವ," ಎಂದು ಅಜ್ಜಾರು ಎದ್ದು ಒಳಗೆ ಹೋದರು.

ಮರುದಿನ ಸಂಗಯ್ಯ ಅಂಗಳ ಗುಡಿಸಿ ಹೊಳೆಗೆ ಹೋದ. ಬಂದು ನೋಡಿದರೆ ಕಸಬರಿಗೆಯ ಗೆರೆಗಳು ಬೇರೆ ದಿಕ್ಕಿಗಿದ್ದವು. ಮಧ್ಯಾಹ್ನ, ಅವನು ಕಟ್ಟಿದ ಆಕಳ ಹಗ್ಗಕ್ಕೆ ಬೇರೆ ಗಂಟು ಬಿದ್ದಿತ್ತು. ಅವನು ಬರೆದಿಟ್ಟ ಕಾಗದವನ್ನು ಯಾರೋ ಮತ್ತೆ ಬರೆದಿದ್ದರು, ಅಕ್ಷರ ಅವನದಕ್ಕಿಂತ ದುಂಡಗೆ.

ಅವನ ಹಾಸಿಗೆಯನ್ನೂ ಮತ್ತೆ ಮಡಿಸಿಟ್ಟಿದ್ದರು ಎಂದು ನಾನು ಹೇಳುವುದುಂಟು. ಅದೊಂದು ನಾನು ಸೇರಿಸಿದ್ದು.

ಮೂರನೆಯ ದಿನ ಸಂಗಯ್ಯ ಬಾಗಿಲ ಮರೆಯಲ್ಲಿ ನಿಂತ. ಅವನು ಬೆಳಗಿಟ್ಟ ತಂಬಿಗೆಯನ್ನು ಅಜ್ಜಾರು ಸದ್ದಾಗದಂತೆ ಎತ್ತಿಕೊಂಡು ಮತ್ತೆ ಬೂದಿ ಹಚ್ಚುತ್ತಿದ್ದರು.

"ಅಜ್ಜಾರ!"

"ಓ, ನೀ ಇಲ್ಲೇ ಇದ್ದೇನು?"

"ನಾ ಮಾಡಿದ್ದು ಸರಿ ಇಲ್ಲಂದ್ರ ಕರದು ಹೇಳ್ರಿ, ಬೈರಿ. ಹಿಂದಿಂದ ಹಿಂಗ ಮಾಡ್ತಾರೇನ್ರಿ? ನನಗೇನೂ ಬರೂದಿಲ್ಲಂತ ತಿಳದೀರೇನು?"

ಅಜ್ಜಾರು ತಂಬಿಗೆ ಕೆಳಗಿಟ್ಟರು. ಒಳಗೆ ಹೋಗಿ, ಕಲ್ಲವ್ವ ಆಗಷ್ಟೇ ಕಟ್ಟಿದ್ದ ರೊಟ್ಟಿಯ ಕಟ್ಟೊಂದನ್ನು ತಂದು ಅವನ ಕೈಯಲ್ಲಿಟ್ಟರು.

 ಸಂಗಯ್ಯ ಅದನ್ನು ಹಿಡಿದು ಒಳಗೆ ಹೋಗಿ ಕಲ್ಲವ್ವನ ಮುಂದೆ ಕುಳಿತು ಕಟ್ಟು ಬಿಚ್ಚಿದ. ಒಂದೊಂದು ರೊಟ್ಟಿ ತೆಗೆದಂತೆ ಒಂದೊಂದು ಬೀಜ ಸರಿಸಿದ. ರೊಟ್ಟಿ ಮುಗಿದವು. ಬಟ್ಟಲಲ್ಲಿ ಒಂದು ಬೀಜ ಉಳಿಯಿತು.

ಕಲ್ಲವ್ವ ಆ ಬೀಜವನ್ನೇ ನೋಡಿದಳು. "ಇದನ್ನ ಯಾರು ಕಟ್ಟಿದ್ದು?"

"ನೀನ, ತಂಗಿ."

"ಮೊದಲೂ ಹಿಂಗ ಆಗಿತ್ತೇನು?"

"ಆಗಿತ್ತು. ನಾ ಸರಿ ಮಾಡಿಡ್ತಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ, ಅಣ್ಣಾ?"

 ಆ ದಿನ ಅವಳು ಅವನೊಂದಿಗೆ ಮಾತೇ ಆಡಲಿಲ್ಲ.

ಮರುದಿನ ಕಲ್ಲವ್ವ ದಾರ ಕಟ್ಟುವ ಮೊದಲು ರೊಟ್ಟಿಗಳನ್ನು ಒಂದೊಂದಾಗಿ ಮತ್ತೆ ತೆಗೆದಳು, ಬೀಜಗಳನ್ನು ಒಂದೊಂದಾಗಿ ಹಿಂದಕ್ಕೆ ತಂದಳು. ಎರಡೂ ಒಟ್ಟಿಗೆ ಮುಗಿದರೆ ಮಾತ್ರ ದಾರ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

"ಹಿಂಗ ಮಾಡಿದ್ರ ಭಾಳ ತಡಾ ಆಗತೈತಿ," ಎಂದ ಸಂಗಯ್ಯ.

"ಆದ್ರ ಆಗ್ಲಿ ಬಿಡು," ಎಂದಳು.

ಸೋಮವಾರ ಅವಳು ಒಬ್ಬಳೇ ಹೋದಳು. ಸಂಗಯ್ಯ ಮಧ್ಯಾಹ್ನದಿಂದಲೇ ಆಶ್ರಮದ ಬಾಗಿಲ ಮುಂದೆ ದಾರಿ ಕಾಯುತ್ತ ನಿಂತಿದ್ದ. ಸಂಜೆ ಬಂದಳು.

"ಏನಾತು?"

"ಗೌರಕ್ಕ ಬೈದ್ಲು."

ಅವನ ಮುಖ ಇಳಿಯಿತು. "ಯಾಕ?"

"ಒಂದು ಕಟ್ಟು ತಿರುಗಿ ನೋಡೂದು ಬಿಟ್ಟಿದ್ದೆ. ಅದರಾಗ ಒಂದು ರೊಟ್ಟಿ ಹೆಚ್ಚಿತ್ತು. ಎಲ್ಲಾರ ಮುಂದ ಬೈದ್ಲು. ಬಿಚ್ಚಿ ಮತ್ತ ಕಟ್ಟಿದೆ. ಬಾಜೂಕ ಕುಂತ ಮುದುಕಿಗೂ ಬೈದ್ಲು, ಅಕೀದು ಗಂಟು ಸಡ್ಲ ಅಂತ." ಕಲ್ಲವ್ವ ನಕ್ಕಳು. "ನಾಳಿಂದ ದಿನಾ ಲಗೂನ ಬಾ ಅಂದಾಳ."

ಸಂಗಯ್ಯನಿಗೆ ಬೈದದ್ದಷ್ಟೇ ಕೇಳಿಸಿತ್ತು. ಒಳಗೆ ಓಡಿದ. "ಅಜ್ಜಾರ, ಎಲ್ಲಾರ ಮುಂದ ಬೈದಾಳಂತ! ನಾ ಜೋಡಿ ಹೋಗಿದ್ರ ಅದು ತಪ್ಪತಿತ್ತಲ್ರಿ."

ಬಾಗಿಲ ಮುಂದಿನ ಮಾತೆಲ್ಲ ಕೇಳಿಸಿಕೊಂಡಿದ್ದ ಅಜ್ಜಾರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಕಿಗಿ ಕೆಲಸ ಸಿಕ್ತು, ಸಂಗಯ್ಯಾ. ಇನ್ನ ನಿನಗೊಂದು ಹುಡುಕಬೇಕು."

ಇಷ್ಟೇ ಕಥೆ. ಏಳುವಾಗ ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.