ಟವೆಲು ಒಣಗುವಷ್ಟು ದೂರ

ನದಿದಡದ ಆಶ್ರಮದಲ್ಲಿ ಇದ್ದದ್ದು ಎರಡೇ ನಿಯಮ. ಸಂಸಾರದೊಂದಿಗೆ ಯಾರೂ ರಾತ್ರಿ ಅಲ್ಲಿ ಮಲಗುವಂತಿಲ್ಲ. ಬೆಳಗಿನ ಗಂಟೆಗೆ ಯಾರೂ ತಪ್ಪುವಂತಿಲ್ಲ.

ಶಿಷ್ಯ ಕೆಂಚಣ್ಣನಿಗೆ ಮದುವೆಯಾಗಿತ್ತು. ಹೆಂಡತಿ ತಾಯಮ್ಮ ಕೂಸನ್ನು ಎತ್ತಿಕೊಂಡು ತವರಿನಿಂದ ಬರುವುದಕ್ಕೆ ಇನ್ನು ಎಂಟೇ ದಿನ. ಅಷ್ಟರಲ್ಲಿ ಹತ್ತಿರ ಎಲ್ಲಾದರೂ ಮನೆ ಸಿಗದಿದ್ದರೆ ಗುರುವನ್ನೇ ಬಿಟ್ಟು ಹೋಗಬೇಕು.

"ಯಾವುದಾದರೂ ಒಂದು ಊರಲ್ಲಿ ಇದ್ದುಬಿಡೋ," ಎಂದರು ಗುರುಗಳು.

"ಯಾವುದೋ ಊರು ಆಗಲ್ಲ ಗುರುಗಳೇ. ನನಗೆ ಸತ್ಯ ಮುಖ್ಯ. ಸುಳ್ಳು ಹೇಳದ ಜನ ಇರೋ ಊರು ಬೇಕು. ನನ್ನ ಮಗಳು ಅಲ್ಲೇ ಮಾತು ಕಲೀಬೇಕಲ್ಲ."

"ಸರಿ. ದೂರ?"

"ಅದನ್ನ ನೀವೇ ಹೇಳಿ."

ಗುರುಗಳು ಅವನ ಹೆಗಲ ಮೇಲಿನ ಟವೆಲು ಎಳೆದರು. ನದಿಯಲ್ಲಿ ಅದ್ದಿದರು. ಹಿಂಡದೆ ಹಾಗೇ ಅವನ ತಲೆಯ ಮೇಲೆ ಹಾಕಿದರು.

"ಇದು ಒಣಗೋದರೊಳಗೆ ಮನೆ ಸೇರಬೇಕು. ಅಷ್ಟೇ ದೂರ."

ಕೆಂಚಣ್ಣ ಹೊರಟ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮೊದಲು ಸಿಕ್ಕಿದ್ದು ಗುಂಡಿಹಾಳ. ಮೂರು ಬೀದಿಯ ಸಣ್ಣ ಪೇಟೆ, ಒಂದು ಬಾವಿ, ಒಂದು ಎಣ್ಣೆಗಾಣ. ಟವೆಲು ಇನ್ನೂ ಒದ್ದೆಯಿತ್ತು. ಬಾವಿಕಟ್ಟೆಯ ಪಕ್ಕ ದ್ಯಾಮವ್ವ ಎಂಬಾಕೆ ಮಂಡಕ್ಕಿ ಮಾರುತ್ತಿದ್ದಳು.

"ಅವ್ವಾ, ಈ ಊರಲ್ಲಿ ಸುಳ್ಳು ಹೇಳ್ತಾರಾ?"

"ಹೇಳ್ತಾರೆ. ಬೆಳಿಗ್ಗೆಯಿಂದ ನಾನೇ ಎರಡು ಹೇಳಿದೀನಿ. ಮಂಡಕ್ಕಿ ಬೇಕಾ? ನಿನ್ನೇದು, ಸ್ವಲ್ಪ ಮೆತ್ತಗಾಗಿದೆ."

ಕೆಂಚಣ್ಣ ಕಿವಿ ಮುಚ್ಚಿಕೊಂಡು ಮುಂದೆ ನಡೆದ.

ಆಮೇಲೆ ಸಿಕ್ಕಿದ್ದು ಹೊನ್ನೆಕಟ್ಟೆ. ಅಂಗಳದ ತುಂಬ ರಂಗೋಲಿ. ಎಲ್ಲರ ಬಾಯಲ್ಲೂ "ಬನ್ನಿ, ಕೂತ್ಕೊಳ್ಳಿ." ಊರ ಹಿರಿಯ ಶಾಂತವೀರಯ್ಯ ಎದೆ ಮುಟ್ಟಿಕೊಂಡು ಹೇಳಿದ:

"ಸುಳ್ಳಾ? ನಮ್ಮೂರಲ್ಲಿ ಆ ಪದವೇ ಇಲ್ಲ."

ಕೆಂಚಣ್ಣನಿಗೆ ಕುಣಿಯುವಷ್ಟು ಖುಷಿ. ಕುಣಿಯುವ ಮೊದಲು ತಲೆ ಮುಟ್ಟಿಕೊಂಡ. ಟವೆಲು ಸುಟ್ಟ ಹಪ್ಪಳದ ಹಾಗಿತ್ತು. ಗುರುಗಳ ಷರತ್ತನ್ನು ಹಿರಿಯನಿಗೆ ಹೇಳಿಕೊಂಡ.

"ಅಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ತೀರಿ?" ಎಂದ ಹಿರಿಯ. "ಬಂದಾಗ ನೀರು ಸೋರ್ತಿತ್ತು ಅಂತ ನಿಮ್ಮ ಗುರುಗಳಿಗೆ ನಾನೇ ಹೇಳಿ ಕಳಿಸ್ತೀನಿ ಬಿಡಿ."

ಎಂಥ ಒಳ್ಳೇ ಮನುಷ್ಯ, ಅಂದುಕೊಂಡ ಕೆಂಚಣ್ಣ.

ಆಶ್ರಮಕ್ಕೆ ಮರಳಿ ಎರಡೂ ಊರಿನ ಸುದ್ದಿ ಒಪ್ಪಿಸಿದ.

"ಟವೆಲು?" ಎಂದರು ಗುರುಗಳು.

"ಇವತ್ತು ಬಿಸಿಲು ಜಾಸ್ತಿ ಗುರುಗಳೇ. ನಾಳೆ ಜೋರಾಗಿ ನಡೀತೀನಿ. ಹಿರಿಯರೇ ಮುಟ್ಟಿ ನೋಡಿ ಹೇಳಿ ಕಳಿಸ್ತಾರೆ."

"ನಡಿ," ಎಂದರು ಗುರುಗಳು. ಮರುದಿನ ಮತ್ತೆ ಟವೆಲು ಅದ್ದಿ ಕೊಟ್ಟರು.

ದಾರಿಯಲ್ಲಿ ಕೆಂಚಣ್ಣ ಯೋಚಿಸಿದ. ಪಾಪ, ಅಂಥ ಮನುಷ್ಯ ನನಗೋಸ್ಕರ ಸುಳ್ಳು ಹೇಳಬಾರದು. ಟವೆಲು ನಿಜವಾಗಿಯೂ ಒದ್ದೆಯಿರಬೇಕು.

ಗುಂಡಿಹಾಳ ಬಂತು. ಆಚೆ ನೋಡಿದ, ಈಚೆ ನೋಡಿದ. ಬಾವಿಯಿಂದ ಒಂದು ಕೊಡ ಸೇದಿ, ಟವೆಲನ್ನು ಮೆಲ್ಲಗೆ ಒಳಗೆ ಇಳಿಸಿದ.

"ಏಯ್ ಟವೆಲಣ್ಣಾ!" ದ್ಯಾಮವ್ವನ ದನಿ ಮೂರು ಬೀದಿಗೂ ಕೇಳಿತು. "ಒದ್ದೆ ಟವೆಲಿಗೆ ಯಾಕೋ ನೀರು ಕುಡಿಸ್ತೀಯ?"

"ಸ್ವಲ್ಪ... ಧೂಳಾಗಿತ್ತು."

"ಸುಳ್ಳು," ಎಂದ ಗಾಣದ ಬಸಲಿಂಗ, ಎತ್ತು ನಿಲ್ಲಿಸಿ.

"ಸುಳ್ಳೇ," ಎಂದಳು ಕೊಡ ಹೊತ್ತ ಒಬ್ಬ ಮುದುಕಿ. "ನಿನ್ನೆ ಇದಕ್ಕಿಂತ ಕೊಳೆ ಇತ್ತು. ಆಗ ನೀನು ಒಗೀಲಿಲ್ಲ."

ಜನ ಸೇರಿದರು. ಯಾರೂ ಬೈಯಲಿಲ್ಲ. ಕೆಂಚಣ್ಣನ ಮುಖ ನೋಡುತ್ತಾ ನಿಂತರು. ಬೈದಿದ್ದರೇ ವಾಸಿಯಿತ್ತು.

ಕೆಂಚಣ್ಣ ಎಲ್ಲಾ ಹೇಳಿಬಿಟ್ಟ. ಗುರು, ಹೆಂಡತಿ, ಕೂಸು, ಹೊನ್ನೆಕಟ್ಟೆ, ಟವೆಲು.

ದ್ಯಾಮವ್ವ ನಕ್ಕ ರಭಸಕ್ಕೆ ಅರ್ಧ ಸೇರು ಮಂಡಕ್ಕಿ ಚೆಲ್ಲಿತು.

"ಸತ್ಯದ ಊರಿಗೆ ಹೋಗೋಕೆ ಸುಳ್ಳು ನೀರಾ! ಅಲ್ಲಯ್ಯಾ, ಹೊನ್ನೆಕಟ್ಟೇಲಿ ಮನೆ ಮಾಡಿದರೆ ದಿನಾ ಇಲ್ಲಿ ಅದ್ದಬೇಕಾಗುತ್ತೆ. ಅಲ್ಲಿ ಯಾರೂ ನಿನ್ನ ಏನೂ ಕೇಳಲ್ಲ, ಆರಾಮಾಗಿರ್ತೀಯ."

"ನೀವು?"

"ನಾವು ದಿನಾ ಕೇಳ್ತೀವಿ."

ಕೆಂಚಣ್ಣ ಟವೆಲನ್ನು ಕೊನೆ ಹನಿವರೆಗೂ ಹಿಂಡಿದ.

"ಇಲ್ಲಿ ಖಾಲಿ ಮನೆ ಇದೆಯಾ?"

"ಗಾಣದ ಹಿಂದೆ ಒಂದಿದೆ," ಎಂದ ಬಸಲಿಂಗ. "ಮೂಲೆ ಸೋರುತ್ತೆ. ಈಗಲೇ ಹೇಳಿದೀನಿ. ನಾಳೆ ನಾನೇ ಹತ್ತಿ ಹೆಂಚು ಜೋಡಿಸ್ತೀನಿ."

"ನಾಳೆ?" ಎಂದಳು ದ್ಯಾಮವ್ವ.

ಬಸಲಿಂಗ ತಲೆ ಕೆರೆದುಕೊಂಡ. "ನಾಡಿದ್ದು."

ಎಂಟನೇ ದಿನ ತಾಯಮ್ಮ ಗಾಡಿಯಿಂದ ಇಳಿದಳು. ಕೂಸನ್ನು ಸೊಂಟಕ್ಕೇರಿಸಿ ನೇರ ಮೂಲೆಗೇ ಹೋಗಿ ಸೂರು ನೋಡಿದಳು.

"ಸೋರುತ್ತಾ?"

"ಮೊದಲು ಸೋರ್ತಿತ್ತು," ಎಂದ ಕೆಂಚಣ್ಣ.

"ಈಗಲೂ ಎರಡು ಹನಿ!" ಎಂದು ಗೋಡೆಯಾಚೆಯಿಂದ ಬಸಲಿಂಗ ಕೂಗಿದ.

ತಾಯಮ್ಮ ಜೋರಾಗಿ ನಕ್ಕು ಟ್ರಂಕು ಕೆಳಗಿಟ್ಟಳು. ಕೂಸೂ ನಕ್ಕಿತು.

ಒಂಬತ್ತನೇ ದಿನ ಬೆಳಿಗ್ಗೆ. ಗುರುಗಳ ಕೈ ಗಂಟೆಯ ಹಗ್ಗದ ಮೇಲಿತ್ತು. ಕೆಂಚಣ್ಣ ಏದುಸಿರು ಬಿಡುತ್ತಾ ಓಡಿಬಂದ. ಹೆಗಲ ಮೇಲಿನ ಟವೆಲು ತೊಟ್ಟಿಕ್ಕುತ್ತಿತ್ತು.

"ದಾರೀಲಿ ಎಲ್ಲೂ ಅದ್ದಿಲ್ಲ ಗುರುಗಳೇ! ಮನೆಯಿಂದ ಇಲ್ಲಿವರೆಗೂ ಒಂದೇ ನೀರು!"

"ಎಲ್ಲಿಯ ನೀರು?"

"ನಮ್ಮೂರ ಬಾವೀದು."

ಗುರುಗಳು ಟವೆಲು ಎಳೆದುಕೊಂಡು ತಮ್ಮ ಮುಖ ಒರೆಸಿಕೊಂಡರು. ಗಂಟೆಯ ಹಗ್ಗವನ್ನು ಕೆಂಚಣ್ಣನ ಕೈಗೆ ಕೊಟ್ಟರು.

"ಹೊಡಿ. ನಿಮ್ಮೂರಿಗೆ ಕೇಳಿಸಲಿ."