ಹೆಂಟೆ ಹೊತ್ತವರು

"ಭೂಮಿಯೆಲ್ಲ ದೇವರದು ಎಂದು ಬೆಳಗೂ ಬೈಗೂ ಹಾಡುತ್ತೇವೆ. ಹಾಗಾದರೆ ನೆಲ ಕಳೆದುಕೊಂಡವರು ನೆಲವನ್ನು ಯಾರ ಹತ್ತಿರ ಕೇಳಬೇಕು, ಗುರುಗಳೇ?"

ಕೇಳಿದವನು ಸಾಂತಯ್ಯ ಎಂಬ ಶಿಷ್ಯ. ಆ ದಿನ ಮಠದ ಪಂಕ್ತಿಯಲ್ಲಿ ಉಂಡು ಹೋದ ಒಂದು ಸಂಸಾರದ ಗದ್ದೆಯನ್ನು ಕಡಲು ತಿಂದಿತ್ತು. ಅವರು ಉಂಡರು, ಕೈಮುಗಿದರು, ಹೋದರು. ಏನನ್ನೂ ಕೇಳಲಿಲ್ಲ. ಅದು ಅವನನ್ನು ಕಾಡುತ್ತಿತ್ತು.

ಗುರುಗಳು ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದರು. "ಕೂತುಕೋ, ಮಗು" ಎಂದು ಹೇಳತೊಡಗಿದರು.

ಹೊಳೆ ಕಡಲನ್ನು ಸೇರುವ ಕಡೆ ಒಂದು ಊರಿತ್ತು. ಮಣ್ಣಿನ ಒಡ್ಡು ಹಾಕಿ ಉಪ್ಪುನೀರನ್ನು ಹೊರಗಿಟ್ಟು, ಒಳಗೆ ಭತ್ತ ಬೆಳೆಯುತ್ತಿದ್ದರು. ದೈವಭಕ್ತರು, ಒಳ್ಳೆಯ ಜನ. ಊರ ಹಿಂದೆ ಎತ್ತರದ ನೆಲವೊಂದಿತ್ತು. ಅದಕ್ಕೆ ದೇವರ ದಿಬ್ಬ ಎನ್ನುತ್ತಿದ್ದರು. ಹಿರಿಯರು ಅದನ್ನು ಯಾರ ಹೆಸರಿಗೂ ಮಾಡದೆ ದೇವರ ಹೆಸರಿನಲ್ಲಿ ಬಿಟ್ಟಿದ್ದರು. ಯಾರ ಗದ್ದೆಯನ್ನಾದರೂ ನೀರು ತಿಂದರೆ ಅಷ್ಟೇ ಅಳತೆಯ ನೆಲ ಅವರಿಗೆ ದಿಬ್ಬದ ಮೇಲೆ ಸಿಗಬೇಕು. ಎಂಥ ದಯೆ ನೋಡು.

ಆದರೆ ಸುಳ್ಳು ಹೇಳಿ ನೆಲ ಹೊಡೆಯುವವರೂ ಇರುತ್ತಾರಲ್ಲ. ಅದಕ್ಕೊಂದು ಕಟ್ಟಳೆ ಇತ್ತು. ನೆಲ ಕೇಳುವವರು ಕಳೆದುಹೋದ ಗದ್ದೆಯ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲೆ ಹೊತ್ತು, ಆ ಗದ್ದೆಯ ನಾಲ್ಕು ಬದುವನ್ನೂ ಕಾಲಿನಿಂದ ತುಳಿದು ಸುತ್ತಿ ಬರಬೇಕು. ಸುತ್ತುವಾಗ ಒಡ್ಡಿನ ಮೇಲೆ ನಿಂತವರು ಮಾತಾಡಬಾರದು, ಹೆಂಟೆ ಹೊತ್ತವರನ್ನು ಮುಟ್ಟಬಾರದು. ಸತ್ಯವಂತರು ದಡ ಸೇರುತ್ತಾರೆ, ಸುಳ್ಳನ್ನು ನೆಲವೇ ಸೆಳೆದುಕೊಳ್ಳುತ್ತದೆ ಎಂದು ನಂಬಿಕೆ. ಹಿರಿಯರ ಕಾಲದಲ್ಲಿ ನೀರು ಒಳಗೆ ಬಂದರೂ ಪಾದ ಮುಳುಗುವಷ್ಟು ಬರುತ್ತಿತ್ತು. ಸುತ್ತುವುದು ಕಷ್ಟವಾಗಿರಲಿಲ್ಲ.

ಕಾಲ ಕೆಟ್ಟಿತು. ಮಳೆ ತನ್ನ ತಿಂಗಳನ್ನು ಮರೆಯಿತು. ಕಡಲು ವರ್ಷವರ್ಷವೂ ಮೇಲೆ ಬಂತು. ಒಂದು ಮಳೆಗಾಲ ಒಡ್ಡು ಒಡೆದು ಒಬ್ಬ ವಿಧವೆಯ ಗದ್ದೆ ಪೂರಾ ಮುಳುಗಿತು. ಅವಳಿಗೆ ಒಬ್ಬ ಮಗಳು, ಇನ್ನೂ ಮದುವೆಯಾಗಿರಲಿಲ್ಲ. ಬೇರೆ ಆಸರೆ ಇರಲಿಲ್ಲ. ವಿಧವೆ ಊರ ಯಜಮಾನನ ಮುಂದೆ ಬಂದು ನಿಂತಳು.

"ಒಡೆಯಾ, ಇಳಿತದಲ್ಲೂ ಅಲ್ಲಿ ಕುತ್ತಿಗೆಮಟ್ಟ ನೀರು. ಕಡಲ ಬದಿಯ ಬದುವಂತೂ ಕಾಲಿಗೇ ಸಿಗೂದಿಲ್ಲ. ನನ್ನ ಗದ್ದೆ ಎಲ್ಲಿತ್ತು ಅಂತ ನಿಮಗೆ ಗೊತ್ತಿಲ್ಲವಾ? ನಿಮ್ಮದರ ಪಕ್ಕದ್ದೇ ಅಲ್ಲವಾ?"

"ಗೊತ್ತು ಮಂಕಾಳಿ. ನಿನ್ನ ಜೊತೆ ಒಂದೇ ಬದುವಿನ ಮೇಲೆ ಕೂತು ಗಂಜಿ ಉಂಡವ ನಾನು" ಎಂದ ಯಜಮಾನ. "ಆದರೆ ನನಗೆ ಗೊತ್ತಿದ್ದದ್ದು ಕಟ್ಟಳೆ ಆಗ್ತದಾ ತಂಗಿ? ಇವತ್ತು ನಿನಗೆ ಬಿಟ್ಟರೆ ನಾಳೆ ಕಳ್ಳನಿಗೂ ಬಿಡಬೇಕು."

ಅವನು ಲಂಚ ತಿಂದವನಲ್ಲ, ಪಕ್ಷ ವಹಿಸಿದವನಲ್ಲ. ಅದನ್ನು ನೆನಪಿಡು.

ಗುಂಪಿನಲ್ಲೊಬ್ಬ, "ಸತ್ಯ ಇದ್ದರೆ ಕಡಲೇ ದಾರಿ ಬಿಡ್ತದೆ ಮಾರಾಯ್ತಿ, ಹೆದರೂದು ಎಂತಕ್ಕೆ?" ಎಂದ. ನಾಲ್ಕು ಜನ ನಕ್ಕರು.

ಅವಳು ನೀರಿಗಿಳಿದಳು. ಮುಳುಗಿ ಒಂದು ಹಿಡಿ ಕೆಸರು ತೆಗೆದು ತಲೆಯ ಮೇಲೆ ಇಟ್ಟುಕೊಂಡಳು. ಮೊದಲನೆಯ ಬದುವಿನಲ್ಲಿ ನೀರು ಎದೆಮಟ್ಟ. ಎರಡನೆಯದರಲ್ಲಿ ಗದ್ದದವರೆಗೆ. ಕಡಲ ಬದಿಗೆ ತಿರುಗಿದಾಗ ತಲೆ ಕಾಣಲಿಲ್ಲ. ಕೆಸರು ಹಿಡಿದ ಎರಡು ಕೈ ಕಂಡವು. ಯಜಮಾನ ಒಂದು ಕಾಲನ್ನು ನೀರಿಗಿಟ್ಟ. ಕಟ್ಟಳೆ ನೆನಪಾಗಿ ಹಿಂದಕ್ಕೆ ತೆಗೆದ. ಆಮೇಲೆ ಕೈಗಳೂ ಕಾಣಲಿಲ್ಲ.

ಬಹಳ ಹೊತ್ತಾದ ಮೇಲೆ ಒಬ್ಬ ಮುದುಕ ಹಳೆಯ ಮಾತನ್ನು ಆಡಿದ: "ಸುಳ್ಳನ್ನು ನೆಲ ಸೆಳೆಯಿತು." ಎಲ್ಲರಿಗೂ ಮನಸ್ಸು ಹಗುರವಾಯಿತು. ದೇವರಿಗೆ ಕೈಮುಗಿದು ಮನೆಗೆ ಹೋದರು. ಮಗಳು ಕಂಡವರ ಗದ್ದೆಯಲ್ಲಿ ಕೂಲಿಗೆ ನಿಂತಳು.

ಮರುವರ್ಷ ನೀರು ಯಜಮಾನನ ಗದ್ದೆಯನ್ನು ತೆಗೆದುಕೊಂಡಿತು. ಅವನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಅವನು ಊರನ್ನು ಕೂಡಿಸಿ ಹೇಳಿದ: "ಕಟ್ಟಳೆ ಮಾಡಿದಾಗ ನೀರು ಪಾದದಷ್ಟಿತ್ತು. ಈಗ ಆಳುದ್ದ ಇದೆ. ಅಕ್ಕಪಕ್ಕದವರು ದೇವರ ಮುಂದೆ ಸಾಕ್ಷಿ ಹೇಳಿದರೆ ಸಾಕು ಅಂತ ಮಾಡುವ. ನನ್ನೊಬ್ಬನಿಗಲ್ಲ, ನಾಳೆ ನಿಮಗೂ ಬೇಕಾಗ್ತದೆ."

ಮಾತು ನ್ಯಾಯವಾದದ್ದು. ಎಲ್ಲರೂ ತಲೆಯಾಡಿಸುವುದರಲ್ಲಿದ್ದರು. ಆಗ ವಿಧವೆಯ ಮಗಳು ಹಿಂದಿನಿಂದ ಕೇಳಿದಳು:

"ಹಾಗಾರೆ ಒಡೆಯಾ, ನಮ್ಮವ್ವಿ ಸುಳ್ಳು ಹೇಳಿದ್ದಳಾ?"

ಅವಳು ಕೂಗಲಿಲ್ಲ, ಶಪಿಸಲಿಲ್ಲ. ಕೇಳಿದಳು, ಅಷ್ಟೇ. ಉತ್ತರ ಎಲ್ಲರಿಗೂ ಗೊತ್ತಿತ್ತು. 'ಇಲ್ಲ' ಎಂಬ ಒಂದು ಮಾತು ಸಾಕಿತ್ತು, ಇಡೀ ಊರು ದಿಬ್ಬ ಹತ್ತಿ ಬದುಕುತ್ತಿತ್ತು. ಆದರೆ 'ಇಲ್ಲ' ಎಂದರೆ ಒಡ್ಡಿನ ಮೇಲೆ ಬಾಯಿ ಮುಚ್ಚಿ ನಿಂತು ಅವಳನ್ನು ಕೊಂದವರು ತಾವು ಎಂದಾಗುತ್ತದೆ. ಯಜಮಾನ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ನೆಲ ನೋಡಿದರು.

"ಕಟ್ಟಳೆ ಇದ್ದ ಹಾಗೇ ಇರಲಿ" ಎಂದ. ಎದ್ದು ಹೋಗಿ ಒಡ್ಡಿನಿಂದ ನೀರಿಗಿಳಿದ. ತನ್ನ ಗದ್ದೆಯ ಕೆಸರನ್ನು ತಲೆಯ ಮೇಲೆ ಇಟ್ಟುಕೊಂಡ.

ಅವನು ಎರಡನೆಯ ಬದು ದಾಟಿದಾಗ ಕಟ್ಟಳೆ ಮುರಿದು ಕೂಗಿದವಳು ಆ ಮಗಳೊಬ್ಬಳೇ. "ಒಡೆಯಾ, ತಿರುಗಿ ಬನ್ನಿ! ನಂಗೆ ಉತ್ತರ ಬ್ಯಾಡ, ತಿರುಗಿ ಬನ್ನಿ!"

ಅವನು ತಿರುಗಲಿಲ್ಲ.

ಮುದುಕ ಹಳೆಯ ಮಾತನ್ನೇ ಮೆಲ್ಲಗೆ ಆಡಿದ. ಈ ಸಲ ಯಾರ ಮನಸ್ಸೂ ಹಗುರವಾಗಲಿಲ್ಲ. ಆದರೂ ಅಲ್ಲ ಎಂದವರಿಲ್ಲ. ಅದರ ಮುಂದಿನ ಮಳೆಗಾಲಗಳಲ್ಲಿ ನೀರು ಒಂದೊಂದೇ ಗದ್ದೆಯನ್ನು ತೆಗೆದುಕೊಂಡಿತು. ಹೆಂಟೆ ಹೊರಲು ಯಾರೂ ಮುಂದೆ ಬರಲಿಲ್ಲ, ಕಟ್ಟಳೆ ಬಿಡಿಸಲೂ ಬರಲಿಲ್ಲ. ಪಾತ್ರೆಪಡಗ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ಊರು ಬಿಟ್ಟರು. ಎಲ್ಲಿಗೆ ಹೋದರೋ, ಯಾವ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೋ, ಅವರನ್ನು ಸ್ವಾಮಿ ಕಾಯಲಿ.

ಗುರುಗಳು ನಿಲ್ಲಿಸಿದರು. ಸಾಂತಯ್ಯ ತಲೆ ತಗ್ಗಿಸಿಕೊಂಡೇ ಕೇಳಿದ: "ಅಷ್ಟೂ ಜನರಿಗೆ ಆಗುವಷ್ಟು ನೆಲ ಆ ದಿಬ್ಬದಲ್ಲಿ ಇತ್ತೇ, ಗುರುಗಳೇ?"

"ದೇವರು ಕೊಟ್ಟದ್ದು ಎಂದಾದರೂ ಕಡಿಮೆಯಾಗಿದೆಯೇ ಮಗು? ಅಲ್ಲೀಗ ಹುಲ್ಲು ಎದೆಮಟ್ಟ ನಿಂತಿದೆ."